ದಪ್ಪರಾಜನ ನಾಲ್ಕನೇ ರಾಣಿ

ನಮ್ಮ ಮೇಲೂರಿನ ಮನೆಯಲ್ಲಿ ಒಳ್ಳೆಯ ಕೋಣೆ ಅಂತ ಇದ್ದದ್ದು ಒಂದೇ, ಅದು ರೇಷ್ಮೆ ಹುಳುವಿನದು. ಗಾಳಿಯಾಡುವ ಎರಡು ಕಿಟಕಿ, ಸಾರಿಸಿ ಸಾರಿಸಿ ನುಣ್ಣಗಾದ ನೆಲ, ಬಿರುಬೇಸಗೆಯಲ್ಲೂ ತಂಪಾಗಿರುವ ಮಣ್ಣಿನ ಮಾಳಿಗೆ, ಎಲ್ಲಾ ಹುಳುವಿಗೆ. ಮನುಷ್ಯರಾದ ನಾವು ನಡುಮನೆಯಲ್ಲೋ ಜಗಲಿಯ ಮೇಲೋ ಜಾಗ ಸಿಕ್ಕ ಕಡೆ ಚಾಪೆ ಹಾಸಿಕೊಳ್ಳುತ್ತಿದ್ದೆವು. ಬಂದ ನೆಂಟರು ಯಾರಾದರೂ ‘ಅಲ್ಲ, ಅಷ್ಟು ದೊಡ್ಡ ಕೋಣೆ ಇಟ್ಕೊಂಡು...’ ಅಂತ ಬಾಯಿ ತೆಗೆದರೆ ಅಜ್ಜಿ, ‘ನೀವೂ ಗೂಡು ಕಟ್ಟಿಕೊಡ್ತೀರಾ ಹೇಳಿ, ನಿಮಗೂ ಅಲ್ಲೇ ಹಾಸ್ತೀನಿ’ ಅನ್ನುತ್ತಿದ್ದಳು. ಹುಳು ಮೈ ಬದಲಾಯಿಸುವ ಮೊದಲು ಮೇವು ಬಿಟ್ಟು ತಲೆಯೆತ್ತಿ ಸುಮ್ಮನಾಗಿಬಿಡುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಹುಳು ಜ್ವರಕ್ಕೆ ಕೂತಾಗ ನಾವು ಜೋರಾಗಿ ಮಾತಾಡುವ ಹಾಗಿರಲಿಲ್ಲ, ಒಗ್ಗರಣೆ ಘಾಟು ಆ ಕಡೆ ಸುಳಿಯುವ ಹಾಗಿರಲಿಲ್ಲ, ಹೊರಗಿನವರು ಆ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ನನಗೆ ಜ್ವರ ಬಂದರೆ ಮಾತ್ರ ಒಂದು ಲೋಟ ಮೆಣಸಿನ ಕಷಾಯ ಕುಡಿಸಿ ಸ್ಕೂಲಿಗೆ ಅಟ್ಟುತ್ತಿದ್ದರು.

ಆ ಕೋಣೆಗೆ ಇನ್ನೊಂದು ಕಟ್ಟಳೆ ಇತ್ತು. ಮೊಟ್ಟೆ ಒಡೆದು ಮರಿ ಬಂದ ದಿನ ಮೊದಲ ಸೊಪ್ಪು ಹಾಕುವ ಕೈ ಮುತ್ತೈದೆಯದೇ ಆಗಬೇಕು. ಮನೆಯಲ್ಲಿ ಚಿಕ್ಕಜ್ಜಿ ಇದ್ದಳು, ಅಜ್ಜಿಯ ಒಡಹುಟ್ಟಿದ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು ನಮ್ಮಲ್ಲಿಗೆ ಬಂದು ಸೇರಿದವಳು. ತೋಟದಿಂದ ಸೊಪ್ಪು ತರುವವಳು ಅವಳು, ಸಣ್ಣಗೆ ಹೆಚ್ಚುವವಳು ಅವಳು, ಹುಳು ಹರಡಿದ ಬಿದಿರು ತಟ್ಟೆಗಳ ಕಸ ತೆಗೆಯುವವಳು ಅವಳು. ಮೊದಲ ಸೊಪ್ಪಿನ ದಿನ ಮಾತ್ರ ಹಿತ್ತಿಲ ಬಾಗಿಲ ಹತ್ತಿರ ಹೋಗಿ ಬೆನ್ನು ಹಾಕಿ ಕೂತಿರುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ, ತಾನಾಗೇ ಎದ್ದು ಹೋಗುತ್ತಿದ್ದಳು. ಅವಳ ಬರಿಗೈ, ಬರಿ ಹಣೆ ನಾನು ಕಣ್ಣು ಬಿಟ್ಟಾಗಿನಿಂದ ಕಂಡದ್ದು. ಅವಳು ಹುಟ್ಟಿದ್ದೇ ಹಾಗೆ ಅಂದುಕೊಂಡಿದ್ದೆ.

ಈ ಮನೆಗೆ ರತ್ನತ್ತೆ ಒಂದು ಟ್ರಂಕು ಹಿಡಿದುಕೊಂಡು ವಾಪಸ್ಸು ಬಂದಾಗ ನನಗೆ ಎಂಟೋ ಒಂಬತ್ತೋ ವರ್ಷ. ಮುನಿರತ್ನಮ್ಮ ಅಂತ ಹೆಸರು, ನನ್ನ ಅಪ್ಪನ ತಂಗಿ. ಗೌರಿಬಿದನೂರು ಕಡೆ ನಗರಗೆರೆಗೆ ಕೊಟ್ಟಿದ್ದರು. ಗಂಡ ರಾಮಾಂಜಿನಪ್ಪ ಗ್ರಾಮಸೇವಕ, ಅಂದರೆ ಸರ್ಕಾರಿ ಸಂಬಳ, ಸೈಕಲ್ಲು, ತಲೆಗೊಂದು ಹ್ಯಾಟು. ನಾನು ಮಾವ ಅನ್ನುತ್ತಿದ್ದೆ. ಹಬ್ಬಕ್ಕೆ ಬಂದರೆ ನನಗೆ ಪೆಪ್ಪರಮಿಂಟು ತರುತ್ತಿದ್ದ, ಕೆಟ್ಟವನೇನಲ್ಲ. ಆದರೆ ತಾಯಿ ಕೂರು ಅಂದರೆ ಕೂರುವವನು, ಏಳು ಅಂದರೆ ಏಳುವವನು. ಮಕ್ಕಳಾಗಲಿಲ್ಲ. ಅಜ್ಜಿ ಮಗಳನ್ನು ಕರಕೊಂಡು ಹೋಗದ ದೇವಸ್ಥಾನ ಉಳಿದಿರಲಿಲ್ಲ. ಚಿಂತಾಮಣಿ ಹತ್ತಿರದ ಮುರುಗಮಲ್ಲದ ದರ್ಗಾಕ್ಕೂ ಹೋಗಿ ಸಕ್ಕರೆ ಓದಿಸಿಕೊಂಡು ಬಂದಿದ್ದಳು. ಕೊನೆಗೆ ಅವರ ಕಡೆಯವರು ‘ಸ್ವಲ್ಪ ದಿನ ತವರಲ್ಲಿರಲಿ’ ಅಂತ ಬಿಟ್ಟುಹೋದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ, ಹುಳು ಸಾಕಣೆ ಒಂದಾದ ಮೇಲೆ ಒಂದು ಬಂದು ಹೋಯಿತು. ಬೀದಿಯವರು ಕೇಳಿದರೆ ಅಜ್ಜಿ, ಹುಳುವಿಗೆ ಕೈ ಸಾಲದು ಅಂತ ನಾವೇ ಕರೆಸಿಕೊಂಡಿದೀವಿ ಅಂತ ಹೇಳಿ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದಳು.

ಅಪ್ಪ ಶಿಡ್ಲಘಟ್ಟದಲ್ಲಿ ಪ್ರೈಮರಿ ಸ್ಕೂಲು ಮೇಷ್ಟ್ರು. ರತ್ನತ್ತೆ ಮದುವೆಗೆ ಮೊದಲೇ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ನಮ್ಮ ಊರಿಗೆ ಅದೇ ದೊಡ್ಡ ಸುದ್ದಿಯಾಗಿತ್ತು. ಸುಮ್ಮನೆ ಕೂತು ಕೊರಗುವ ಬದಲು ಮನೆಯಲ್ಲೇ ಓದಿ ಇಂಟರ್‌ಮೀಡಿಯೆಟ್ ಕಟ್ಟು ಅಂದ ಅಪ್ಪ. ಅದರಲ್ಲಿ ಇಂಗ್ಲೆಂಡಿನ ಚರಿತ್ರೆ ಅಂತ ಒಂದು ವಿಷಯ. ಆ ದೇಶದವರು ನಮ್ಮನ್ನು ಬಿಟ್ಟು ಹಡಗು ಹತ್ತಿ ಹೋಗಿ ವರ್ಷಗಳಾಗಿದ್ದರೂ ಅವರ ರಾಜರ ಸಂಸಾರದ ಜಗಳ ನಮ್ಮ ಪರೀಕ್ಷೆಯಿಂದ ಇನ್ನೂ ಹೋಗಿರಲಿಲ್ಲ. ಅಪ್ಪ ಯಾರದೋ ಹತ್ತಿರ ರಟ್ಟು ಕಿತ್ತುಹೋದ ದಪ್ಪ ಪುಸ್ತಕ ತಂದುಕೊಟ್ಟ. ರತ್ನತ್ತೆ ಅದನ್ನು ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದಳು. ಹೇಳಿದರೆ ತಲೆಯಲ್ಲಿ ಕೂರುತ್ತೆ ಅನ್ನುವುದು ಅವಳ ನಂಬಿಕೆ. ಓದಲು ಜಾಗ ಅಂತ ಇದ್ದದ್ದು ಹುಳುವಿನ ಕೋಣೆ ಒಂದೇ. ಆದ್ದರಿಂದ ಸೊಪ್ಪು ಹಾಕುತ್ತಾ, ತಟ್ಟೆ ಬದಲಾಯಿಸುತ್ತಾ, ಅಮ್ಮ, ಅಜ್ಜಿ, ಚಿಕ್ಕಜ್ಜಿ, ನಾನು, ಎಲ್ಲರೂ ಇಂಗ್ಲೆಂಡಿನ ಚರಿತ್ರೆ ಓದಿದೆವು. ಕೊನೆಯ ಜ್ವರದಿಂದೆದ್ದ ಹುಳು ಸೊಪ್ಪು ತಿನ್ನುವ ಸದ್ದು ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ ಇರುತ್ತಿತ್ತು. ಇವತ್ತಿಗೂ ನನಗೆ ಲಂಡನ್ ಅಂದರೆ ಮೊದಲು ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತೆ.

ನಮ್ಮ ಮನೆಯಲ್ಲಿ ಆ ರಾಜರಾಣಿಯರಿಗೆ ಅವರ ಹೆಸರು ಉಳಿಯಲಿಲ್ಲ. ಆರು ಜನ ಹೆಂಡತಿಯರನ್ನು ಮಾಡಿಕೊಂಡವನು ದಪ್ಪರಾಜ. ಪುಸ್ತಕದಲ್ಲಿ ಅವನ ಚಿತ್ರ ನೋಡಿ ಅಜ್ಜಿ, ಏನೇ ಇವನು, ಬಣವೆಗೆ ಸೀರೆ ಉಡಿಸಿದಂಗವ್ನೆ ಅಂದಿದ್ದಳು. ರೋಮಿನಲ್ಲಿದ್ದ ಅವರ ಧರ್ಮಗುರುವನ್ನು ರತ್ನತ್ತೆ ದೊಡ್ಡ ಸ್ವಾಮಿಗಳು ಅಂತ ಕರೆದಳು, ಅದೇ ಉಳಿಯಿತು. ದಪ್ಪರಾಜ ಮೊದಲ ರಾಣಿಗೆ ಗಂಡುಮಗು ಆಗಲಿಲ್ಲ ಅಂತ ಅವಳನ್ನು ಬಿಡಬೇಕು ಅಂದ. ದೊಡ್ಡ ಸ್ವಾಮಿಗಳು ಒಪ್ಪಲಿಲ್ಲ. ಹಾಗಾದರೆ ನನ್ನ ದೇಶದ ಧರ್ಮಕ್ಕೆ ನಾನೇ ದೊಡ್ಡವನು ಅಂತ ಹೇಳಿ ಅವರ ಸಂಬಂಧವನ್ನೇ ಕಡಿದುಕೊಂಡ. ಇಷ್ಟು ಹೇಳಿ ರತ್ನತ್ತೆ ಪುಟ ತಿರುಗಿಸಿದರೆ ಅಜ್ಜಿ ಕೈಯಲ್ಲಿದ್ದ ಸೊಪ್ಪು ಹಾಗೇ ಹಿಡಿದು ನಿಂತುಬಿಟ್ಟಿದ್ದಳು. ಹೆಂಡತಿ ಬಿಡೋದಕ್ಕೆ ದೇವರನ್ನೇ ಬದಲಾಯಿಸಿದನಾ, ಎಲಾ ಇವನ ಅಂದಳು. ಅಮ್ಮ ಸೊಪ್ಪಿನ ಮರೆಯಲ್ಲಿ ನಕ್ಕಳು. ರತ್ನತ್ತೆ ನಗಲಿಲ್ಲ.

ಮಠಗಳ ಅಧ್ಯಾಯ ಬಂದಾಗ ತಾತ ಜಗಲಿ ಬಿಟ್ಟು ಬಾಗಿಲ ಹತ್ತಿರ ಬಂದು ಕೂತ. ಆಗ ನಮ್ಮ ಕಡೆ ಇನಾಂ ಜಮೀನು ಹೋಗುತ್ತೆ, ಉಳುವವನಿಗೆ ಬರುತ್ತೆ, ಇಲ್ಲ ಬರಲ್ಲ ಅಂತ ಒಂದೇ ಮಾತು. ತಾತ ಉಳುತ್ತಿದ್ದ ಕೆರೆ ಕೆಳಗಿನ ಗದ್ದೆ ದೇವರ ಹೆಸರಿನಲ್ಲಿತ್ತು. ದಪ್ಪರಾಜ ಮಠಗಳನ್ನು ಮುಚ್ಚಿಸಿದ, ಗಂಟೆ ಕರಗಿಸಿದ, ಛಾವಣಿಯ ಸೀಸ ಕೂಡ ಕಿತ್ತುಕೊಂಡ, ಸನ್ಯಾಸಿಗಳನ್ನು ಮನೆಗೆ ಕಳಿಸಿದ ಅಂತ ರತ್ನತ್ತೆ ಹೇಳಿದಾಗ ತಾತನಿಗೆ ಬೇಕಾಗಿದ್ದದ್ದು ಒಂದೇ ವಿಷಯ. ಆ ಮಠದ ಜಮೀನು ಉಳುತ್ತಿದ್ದವನಿಗೆ ಬಂತಾ ಅಂತ ಕೇಳಿದ. ಇಲ್ಲಪ್ಪ, ರಾಜನ ಹತ್ತಿರದ ಸಾಹುಕಾರರು ಕೊಂಡುಕೊಂಡರು, ಉಳುವವನು ಉಳುತ್ತಲೇ ಇದ್ದ ಅಂದಳು. ತಾತ ಎದ್ದು ಟವೆಲ್ಲು ಕೊಡವಿ, ಅಲ್ಲೂ ಇಷ್ಟೇನಾ ಅಂತ ತೋಟಕ್ಕೆ ಹೋದ. ಅವತ್ತು ಅವನು ಮುದ್ದೆ ಕೂಡ ಅರ್ಧ ಬಿಟ್ಟ.

ಅಜ್ಜಿಯ ಮನಸ್ಸು ಕೆಡಿಸಿದ್ದು ಆಮೇಲಿನ ಕಥೆ. ದಪ್ಪರಾಜನ ಮಗ ಚಿಕ್ಕ ಹುಡುಗ ಪಟ್ಟಕ್ಕೆ ಬಂದು ಪ್ರಾರ್ಥನೆ ಎಲ್ಲಾ ಅವರ ಮನೆಮಾತಿನಲ್ಲೇ ಆಗಬೇಕು ಅಂದ. ಅಜ್ಜಿಗೆ ಅದು ಸರಿ ಅನ್ನಿಸಿತು. ಅವಳು ಆಂಧ್ರದ ಗಡಿಯ ಊರಿನವಳು, ದೇವರ ಹತ್ತಿರ ತೆಲುಗಿನಲ್ಲಿ ಬೇಡಿಕೊಂಡು ಕನ್ನಡದಲ್ಲಿ ಬಯ್ಯುತ್ತಿದ್ದಳು. ಅವನು ಹೋಗಿ ದೊಡ್ಡಕ್ಕ ಬಂದಳು, ಹಳೇ ಧರ್ಮವೇ ಆಗಬೇಕು ಅಂತ ಒಪ್ಪದವರನ್ನು ಸುಡಿಸಿದಳು. ಅವಳು ಹೋಗಿ ತಂಗಿ ಬಂದಳು, ಮತ್ತೆ ಹೊಸದು. ಈ ಕಡೆಯವರು ಬಂದರೆ ಆ ಕಡೆಯವರು ಸಾಯಬೇಕು. ಪಾಪಂ, ಎರಡೂ ಕಡೆ ಹೋಗಿ ಕೈ ಮುಗಿದಿದ್ರೆ ಆಗ್ತಿರಲಿಲ್ವಾ ಅಂತ ಅಜ್ಜಿ ಕೇಳಿದಳು. ದರ್ಗಾದ ಸಕ್ಕರೆಯನ್ನು ಮುನೇಶ್ವರನ ಗೂಡಿನಲ್ಲೇ ಇಟ್ಟಿದ್ದವಳು ಅವಳು. ಆಮೇಲೆ ಇನ್ನೊಬ್ಬ ರಾಜನ ತಲೆಯನ್ನೇ ಜನ ತೆಗೆದದ್ದು, ರಾಜನೇ ಬೇಡ ಅಂತ ಆಳಿದವರು ಹಬ್ಬವೂ ಬೇಡ ಕುಣಿತವೂ ಬೇಡ ಅಂದದ್ದು, ಬೇಸತ್ತ ಜನ ಸತ್ತ ರಾಜನ ಮಗನನ್ನೇ ಕರೆದು ಕೂರಿಸಿಕೊಂಡದ್ದು, ಎಲ್ಲಾ ಕೇಳಿದಳು. ಹಬ್ಬ ನಿಲ್ಲಿಸಿದವರ ಮೇಲೆ ಅವಳಿಗೆ ತಲೆ ತೆಗೆದವರ ಮೇಲಿಗಿಂತ ಹೆಚ್ಚು ಸಿಟ್ಟು. ಒಬ್ಬಟ್ಟು ತಿನ್ನಬ್ಯಾಡ ಅನ್ನಕ್ಕೆ ಅವರ್ಯಾರು ಅಂತ ಎರಡು ದಿನ ಗೊಣಗಿದಳು.

ಆದರೆ ಇಷ್ಟೆಲ್ಲ ಕೇಳಿದ ಮೇಲೂ ಅವಳಿಗೆ ಅಂಟಿಕೊಂಡಿದ್ದು ಮೊದಲ ರಾಣಿ. ಹಿರಿಯವಳು ಅನ್ನುತ್ತಿದ್ದಳು. ಆ ಹಿರಿಯವಳು ತುಂಬಿದ ಸಭೆಯಲ್ಲಿ ಗಂಡನ ಮುಂದೆ ಮಂಡಿಯೂರಿ, ನಾನೇ ನಿನ್ನ ಹೆಂಡತಿ, ನಾನು ಬಿಡಲ್ಲ ಅಂದಳಂತೆ. ಸಾಯೋವರೆಗೂ ಅದೇ ಮಾತು. ಅಜ್ಜಿ ಆ ಜಾಗವನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಕೇಳುವಾಗ ರತ್ನತ್ತೆಯ ಮುಖ ನೋಡುತ್ತಿದ್ದಳು. ನನಗೂ ಸಣ್ಣಗೆ ಅರ್ಥವಾಗುತ್ತಿತ್ತು.

ಏಕೆಂದರೆ ಅಷ್ಟರಲ್ಲಿ ನಗರಗೆರೆಯಿಂದ ಮಾತು ಬಂದಿತ್ತು. ಮಾವನಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ. ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವ ಹಾಗಿಲ್ಲ ಅಂತ ಹೊಸ ಕಾನೂನು ಬಂದಿದೆ, ನಾವು ಒಂದು ಅರ್ಜಿ ಕೊಟ್ಟರೆ ಸರ್ಕಾರಿ ಕೆಲಸಕ್ಕೇ ಕುತ್ತು. ಅದಕ್ಕೆ ಹಿರಿಯರು ಬಂದು ಕೂತು ಮಾತಾಡುತ್ತಾರೆ. ನಾವು ತಕರಾರು ಮಾಡದಿದ್ದರೆ ರತ್ನಳೂ ಬರಲಿ, ಹಿರಿಯ ಹೆಂಡತಿಯಾಗಿ ಅದೇ ಮನೆಯಲ್ಲಿ ಇರಲಿ ಅನ್ನುವುದು ಅವರ ಮಾತು. ಹೋಗಲಿ, ಒಂದು ಹೊತ್ತು ಅನ್ನ, ತಲೆಗೊಂದು ಸೂರು, ಕತ್ತಲ್ಲಿ ತಾಳಿ ಅಂತ ಇರುತ್ತೆ ಅಂದ ತಾತ. ಅಜ್ಜಿ ಅದಕ್ಕೆ ಸುತರಾಂ ಒಪ್ಪಲಿಲ್ಲ. ಹೋಗೋದೂ ಬೇಡ, ಬಿಡೋದೂ ಬೇಡ, ಅವನು ಹೇಗೆ ಕಟ್ಟಿಕೋತಾನೋ ನೋಡೇಬಿಡೋಣ ಅಂದಳು. ಅಪ್ಪ ಎರಡು ಕಡೆಗೂ ತಲೆಯಾಡಿಸಿ ಸ್ಕೂಲಿಗೆ ಹೋಗಿಬಿಡುತ್ತಿದ್ದ. ಮನೆಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಜಗಳ ಶುರುವಾಗುತ್ತಿತ್ತು, ಬಸ್ಸಾರು ಆರಿ ತಣ್ಣಗಾಗುತ್ತಿತ್ತು. ಯಾರೂ ರತ್ನತ್ತೆಯನ್ನು ನಿನಗೇನು ಬೇಕು ಅಂತ ಕೇಳಲಿಲ್ಲ. ಅವಳು ಎಲ್ಲರಿಗೂ ಬಡಿಸಿ, ಆಮೇಲೆ ಚಿಕ್ಕಜ್ಜಿಯ ಜೊತೆ ಒಲೆಯ ಹತ್ತಿರ ಕೂತು ಉಣ್ಣುತ್ತಿದ್ದಳು.

ಹಿರಿಯರು ಬರುವುದಕ್ಕೆ ಹಿಂದಿನ ದಿನ ಮಧ್ಯಾಹ್ನ. ಹುಳು ಕೊನೆಯ ಜ್ವರದಿಂದೆದ್ದು ರಾಕ್ಷಸರ ಹಾಗೆ ಮೇಯುತ್ತಿದ್ದವು, ಎಲ್ಲರ ಸೊಂಟ ಬಿದ್ದುಹೋಗಿತ್ತು. ಅಜ್ಜಿ ಮತ್ತೆ ಹಿರಿಯವಳ ಮಾತು ತೆಗೆದಳು. ಅವಳನ್ನು ನೋಡಿ ಕಲಿ, ಸೋಲಬೇಡ ಅಂದಳು. ರತ್ನತ್ತೆ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ಅವಳು ಅಜ್ಜಿಗೆ ಎದುರು ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು.

“ಅವಳು ಗೆದ್ದಳಾ ಅಮ್ಮ? ಚಳಿ ಮನೇಲಿ ಕೂತು, ಹೆತ್ತ ಮಗಳ ಮುಖಾನೂ ನೋಡದೆ ಸತ್ತಳು. ನಾನು ಹಂಗೆ ಸಾಯಕ್ಕೆ ಒಲ್ಲೆ.”

“ಮತ್ತೆ ಎರಡನೇವಳ ಥರ ತಲೆ ಕೊಡ್ತೀಯೇನೇ?” ಅಂದಳು ಅಜ್ಜಿ.

“ನಾಲ್ಕನೇವಳನ್ನ ನೀನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ” ಅಂದಳು ರತ್ನತ್ತೆ.

ನಿಜ, ನಾಲ್ಕನೇ ರಾಣಿಯ ಬಗ್ಗೆ ನಮ್ಮಲ್ಲಿ ಯಾರಿಗೂ ಆಸೆ ಇರಲಿಲ್ಲ. ಬೇರೆ ದೇಶದಿಂದ ತಂದ ಹೆಣ್ಣು, ಚಿತ್ರ ನೋಡಿ ಒಪ್ಪಿದ್ದ ದಪ್ಪರಾಜ ಮುಖ ನೋಡಿ ಬೇಡ ಅಂದ, ಅಷ್ಟೇ ಅಂತ ಅಜ್ಜಿ ಅದನ್ನು ಹಾರಿಸಿದ್ದಳು. ರತ್ನತ್ತೆ ಅವತ್ತು ಪುಸ್ತಕ ತೆಗೆಯದೆ ಹೇಳಿದಳು. ಬಿಡುತ್ತೀನಿ ಅಂತ ರಾಜ ಹೇಳಿಕಳಿಸಿದಾಗ ಆ ರಾಣಿ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಆಗಲಿ ಅಂದಳು. ರಾಜನಿಗೇ ಆಶ್ಚರ್ಯವಾಗಿ ಅವಳಿಗೆ ಮನೆ ಕೊಟ್ಟ, ಭೂಮಿ ಕೊಟ್ಟ, ಇವತ್ತಿಂದ ಇವಳು ನನ್ನ ತಂಗಿ ಅಂತ ಎಲ್ಲರಿಗೂ ಹೇಳಿದ. ಅರಮನೆಗೆ ಬಂದರೆ ತಂಗಿಗೆ ಸಲ್ಲುವ ಮರ್ಯಾದೆ. ಐದನೆಯವಳ ತಲೆ ಹೋಯಿತು. ಈ ನಾಲ್ಕನೆಯವಳು ತನ್ನ ಮನೆಯಲ್ಲಿ ತಾನು ಉಂಡುಟ್ಟು, ರಾಜ ಸತ್ತ ಮೇಲೂ, ಉಳಿದ ರಾಣಿಯರೆಲ್ಲ ಹೋದ ಮೇಲೂ ಬಾಳಿದಳು. ಇಷ್ಟು ಹೇಳಿ ರತ್ನತ್ತೆ ಬುಟ್ಟಿ ಎತ್ತಿಕೊಂಡಳು. ಚಿಕ್ಕಜ್ಜಿ ಸೊಪ್ಪು ಹೆಚ್ಚುವುದು ನಿಲ್ಲಿಸಿ, ರಾಜ ಸತ್ತಾಗ ಅವಳನ್ನ ಏನು ಮಾಡಿದರು ಅಂತ ಕೇಳಿದಳು. ಏನೂ ಮಾಡಲಿಲ್ಲ ಚಿಕ್ಕಮ್ಮ, ಅವಳು ತಂಗಿ ಅಲ್ವಾ ಅಂದಳು ರತ್ನತ್ತೆ.

ಮಾರನೆ ದಿನ ಹಿರಿಯರು ಬಂದರು. ಜಗಲಿಯ ಮೇಲೆ ಕಂಬಳಿ ಹಾಸಿತ್ತು, ನಡುವೆ ಎಲೆಅಡಿಕೆ ತಟ್ಟೆ. ಮಾವ ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ತಿರುಗಿಸುತ್ತಾ ಕೂತಿದ್ದ. ನನಗೆ ಪೆಪ್ಪರಮಿಂಟು ತಂದಿರಲಿಲ್ಲ. ಅವರ ಕಡೆಯ ಹಿರಿಯರೊಬ್ಬರು ತುಂಬಾ ಹೊತ್ತು ಮಾತಾಡಿದರು, ವಂಶ ಉಳಿಯಬೇಕು, ಹೆಣ್ಣಿಗೂ ಅನ್ಯಾಯ ಆಗಬಾರದು, ಎಲ್ಲಾ ಸೇರಿ ಬಾಳಬೇಕು ಅಂತ. ತಾತ ಕೆಮ್ಮಿದ. ಅಜ್ಜಿ ಬಾಗಿಲ ಹಿಂದೆ ನಿಂತು ಹೊಸ್ತಿಲಿಗೆ ಕಾಲು ಬಡಿಯುತ್ತಿದ್ದಳು. ಆಗ ರತ್ನತ್ತೆ ಹುಳುವಿನ ಕೋಣೆಯಿಂದ ಸೀದಾ ಬಂದು, ಸೊಪ್ಪಿನ ಹಸಿರು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡಸರ ಮುಂದೆ ನಿಂತಳು.

“ಸವತಿ ಜೊತೆ ಇರಕ್ಕೆ ನಾನು ಬರಲ್ಲ. ನನಗೇ ಗಂಡ ಬೇಕು ಅಂತ ಹಟಾನೂ ಮಾಡಲ್ಲ. ನಿಮ್ಮ ಎದುರಿಗೆ ಬಿಡುಗಡೆ ಕೊಡ್ತೀನಿ. ಅವರು ಮದುವೆ ಮಾಡ್ಕೊಳ್ಳಿ, ಮಕ್ಕಳಾಗಲಿ, ಚೆನ್ನಾಗಿರಲಿ.”

ಆ ಹಿರಿಯರು, ಅದಕ್ಕೆ ಬದಲು ನಿನಗೇನು ಬೇಕಮ್ಮ ಅಂತ ಕೇಳಿದರು. ಒಡವೆಯೋ ಹಸುವೋ ಕೇಳುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದರು.

“ಇವತ್ತಿಂದ ನಾನು ಅವರಿಗೆ ತಂಗಿ. ವರ್ಷಾ ವರ್ಷಾ ಗೌರಿ ಹಬ್ಬಕ್ಕೆ ಅಣ್ಣನಾಗಿ ಬಾಗಿನ ತಗೊಂಡು ಅವರೇ ಬರಬೇಕು. ಬರ್ತೀನಿ ಅಂತ ಇಲ್ಲೇ ಹೇಳಲಿ.”

ಒಳಗೆ ಅಜ್ಜಿ ಅಯ್ಯೋ ಅಂತ ಎದೆ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ನಮ್ಮಲ್ಲಿ ಗಂಡಹೆಂಡತಿ ಜಗಳವಾಡಿ ಬಿಟ್ಟುಬಿಡಬಹುದು, ಮತ್ತೆ ಸೇರಬಹುದು. ಒಂದು ಸಲ ಬಾಯಲ್ಲಿ ಅಣ್ಣ ಅಂದುಬಿಟ್ಟರೆ ಮುಗಿಯಿತು, ಅದನ್ನು ವಾಪಸ್ಸು ತೆಗೆದುಕೊಳ್ಳುವ ಹಾಗಿಲ್ಲ. ಗಂಡನಾದವನನ್ನು ಅಣ್ಣ ಅಂದ ಹೆಂಗಸನ್ನು ಆ ಹಿರಿಯರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬರು ಇದೆಲ್ಲಿಯ ಪದ್ಧತಿ ಅಂತ ಕೇಳಿದರು. ಅಪ್ಪ, ಎಲ್ಲಿ ಧೈರ್ಯ ಬಂತೋ ಅವನಿಗೆ, ಇಂಗ್ಲೆಂಡಿನ ರಾಜಮನೆತನದ್ದು ಅಂದುಬಿಟ್ಟ. ಅವರು ಎಲೆಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಮಾವ ತಲೆಯೆತ್ತಿ ರತ್ನತ್ತೆಯ ಮುಖ ನೋಡಿದ. ಆವತ್ತೆಲ್ಲ ಅವನು ಯಾರ ಮುಖವನ್ನೂ ನೋಡಿರಲಿಲ್ಲ. ಬರ್ತೀನಿ ಅಂದ. ರತ್ನತ್ತೆ ಕತ್ತಿನ ತಾಳಿ ತಾನೇ ಬಿಚ್ಚಿ ವೀಳ್ಯದೆಲೆಯ ಮೇಲಿಟ್ಟು ಹಿರಿಯರ ಕೈಗೆ ಕೊಟ್ಟು, ಮೇವಿಗೆ ಹೊತ್ತಾಯಿತು ಅಂತ ಒಳಗೆ ಹೋದಳು. ನಾನು ಹಿಂದೆಯೇ ಓಡಿದೆ. ಅವಳು ಆಗಲೇ ತಟ್ಟೆ ಎಳೆದು ಸೊಪ್ಪು ಹಾಕುತ್ತಿದ್ದಳು.

ಅಜ್ಜಿ ರತ್ನತ್ತೆಯ ಜೊತೆ ಮಾತು ಬಿಟ್ಟಳು. ಬೇಕಾದ್ದು ಬೇಡವಾದ್ದು ನನ್ನ ಮೂಲಕ ಹೇಳಿಕಳಿಸುತ್ತಿದ್ದಳು, ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ. ಅವಳ ಸಿಟ್ಟು ಬರೀ ಸಿಟ್ಟಲ್ಲ, ಭಯ. ಊರಲ್ಲಿ ಆಗಲೇ ಕೇಳುತ್ತಿದ್ದರು, ನಿಮ್ಮ ರತ್ನ ಈಗ ಏನು, ಮುತ್ತೈದೆಯೋ ಅಲ್ಲವೋ ಅಂತ. ಅಜ್ಜಿಗೂ ಗೊತ್ತಿರಲಿಲ್ಲ. ಮುಂದಿನ ಸಾಕಣೆಗೆ ಮೊಟ್ಟೆ ಒಡೆದ ದಿನ ಅವಳು ಅಮ್ಮನನ್ನು ಕರೆದು ಮೊದಲ ಸೊಪ್ಪು ಹಾಕಿಸಿದಳು, ರತ್ನತ್ತೆಯ ಕಡೆ ತಿರುಗಲಿಲ್ಲ. ರತ್ನತ್ತೆ ಒಂದು ಗಳಿಗೆ ನಿಂತಿದ್ದು, ಹಿತ್ತಿಲ ಬಾಗಿಲಿಗೆ ಹೋಗಿ ಚಿಕ್ಕಜ್ಜಿಯ ಪಕ್ಕ ಕೂತಳು. ಅವಳ ತೊಡೆಯ ಮೇಲೆ ಪುಸ್ತಕವಿತ್ತು. ಚಿಕ್ಕಜ್ಜಿ ಅವಳನ್ನು ಅಲ್ಲಿಂದ ಎಬ್ಬಿಸಲು ನೋಡಿದಳು, ತಳ್ಳಿದಳು, ನೀನು ಇಲ್ಲಿ ಕೂರಬೇಡ ಕಣೇ ಅಂತ ಗೋಗರೆದಳು. ಚಿಕ್ಕಜ್ಜಿ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗೌರಿ ಹಬ್ಬ ಬಂತು. ಬೆಳಗಿನಿಂದ ಮನೆಯಲ್ಲಿ ಹೂರಣದ ಘಮ. ಯಾರೂ ಬಸ್ಸಿನ ಮಾತು ಎತ್ತಲಿಲ್ಲ, ಎಲ್ಲರ ಕಿವಿಯೂ ಬಸ್ಸಿನ ಕಡೆಗೇ. ಬೆಳಗಿನ ಬಸ್ಸು ಬಂದು ಹೋಯಿತು. ಅಜ್ಜಿ ಒಲೆಯ ಮುಂದೆ, ಬರ್ತಾನಂತೆ ಬರ್ತಾನೆ ಅಂತ ಹಂಚಿಗೆ ಹೇಳಿದಳು. ಊಟದ ಹೊತ್ತಿಗೆ ಇನ್ನೊಂದು ಬಸ್ಸು ನಿಂತ ಸದ್ದು. ಮಾವ ಬಂದ. ಹೊಸ ಮೊರದ ಜೋಡಿಯನ್ನು ಪಂಚೆಯಲ್ಲಿ ಕಟ್ಟಿ ಎರಡು ಕೈಯಲ್ಲಿ ಹಿಡಿದುಕೊಂಡು, ಹ್ಯಾಟು ಇಲ್ಲದ ತಲೆ ಬೆವೆತು, ಜಗಲಿಯ ಕೆಳಗೆ ಚಪ್ಪಲಿ ಬಿಡಲೋ ಬೇಡವೋ ಅನ್ನುವ ಹಾಗೆ ನಿಂತಿದ್ದ. ಇವನನ್ನು ಇನ್ನು ಮಾವ ಅನ್ನಬೇಕೋ ದೊಡ್ಡಪ್ಪ ಅನ್ನಬೇಕೋ ಅಂತ ನನಗೂ ತಿಳಿಯದೆ ಬಾಯಿ ಬಿಟ್ಟುಕೊಂಡು ನೋಡಿದೆ. ರತ್ನತ್ತೆ ಮಣೆ ಹಾಕಿದಳು. ಮೊರದಲ್ಲಿ ಅರಿಶಿನ, ಕುಂಕುಮ, ಬೇಳೆ, ಬೆಲ್ಲ, ರವಿಕೆ ಕಣ, ಒಂದು ಕಟ್ಟು ಹಸಿರು ಗಾಜಿನ ಬಳೆ. ಮದುವೆಯಾದ ಮೇಲೆ ಅವನು ಅವಳನ್ನು ‘ಏ’ ಅಂತಲೇ ಕರೆದದ್ದು ನಮಗೆಲ್ಲ ಗೊತ್ತಿತ್ತು.

“ತಗೊಳಮ್ಮ, ರತ್ನಮ್ಮ” ಅಂದ.

ಅವಳು ಸೆರಗು ಮುಂದೆ ಮಾಡಿ ಬಾಗಿನ ತೆಗೆದುಕೊಂಡು, ಅಣ್ಣನ ಕಾಲಿಗೆ ಬೀಳುವ ಹಾಗೆ ಬಿದ್ದಳು. ಒಳಗಿನಿಂದ ಅಜ್ಜಿಯ ದನಿ ಬಂತು, ಎಲೆ ಹಾಕಿದೆ, ಊಟಕ್ಕೆ ಏಳು ಅನ್ನೇ ಅಂತ. ನನಗೆ ಹೇಳಿದಳೋ ರತ್ನತ್ತೆಗೆ ಹೇಳಿದಳೋ ಗೊತ್ತಿಲ್ಲ, ಅಂತೂ ಮಾತು ಬಂತು. ಮಾವ ತಲೆ ತಗ್ಗಿಸಿ ಉಂಡ. ಅಜ್ಜಿ ಅವನ ಎಲೆಗೆ ತುಪ್ಪ ಮಾತ್ರ ಜಿಪುಣತನದಿಂದಲೇ ಹಾಕಿದಳು.

ಹೀಗೆ ಅವನು ವರ್ಷ ತಪ್ಪದೆ ಬಂದ. ಆ ಕಡೆ ಮದುವೆಯಾಯಿತು, ಒಂದು ಹೆಣ್ಣುಮಗು ಆಯಿತು. ಅದನ್ನೂ ಒಂದು ಸಲ ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದ, ಅದು ನಮ್ಮ ರತ್ನತ್ತೆಯನ್ನು ಅತ್ತೆ ಅಂತ ಕರೆದು ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು. ರತ್ನತ್ತೆ ಇಂಟರ್‌ಮೀಡಿಯೆಟ್ ಮೊದಲ ಸಲ ಕಟ್ಟಿ ಇಂಗ್ಲಿಷಿನಲ್ಲಿ ಫೇಲಾದಳು, ಮರುವರ್ಷ ಪಾಸಾಗಿ ಶಿಡ್ಲಘಟ್ಟದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಅಪ್ಪನೂ ಅವಳೂ ಒಂದೇ ಬಸ್ಸಿಗೆ ಹೋಗುತ್ತಿದ್ದರು. ಅಜ್ಜಿ ಮೊದಲ ಸೊಪ್ಪಿಗೆ ಅವಳನ್ನು ಕರೆಯಲಿಲ್ಲ, ಆದರೆ ಹಿತ್ತಿಲ ಬಾಗಿಲಿಗೆ ಹೋಗಲೂ ಬಿಡಲಿಲ್ಲ. ಆ ದಿನ ಏನಾದರೊಂದು ಕೆಲಸ ಹೇಳಿ ತೋಟಕ್ಕೆ ಕಳಿಸಿಬಿಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಚಿಂತಾಮಣಿಯಲ್ಲಿ ಮಕ್ಕಳಿಗೆ ಚರಿತ್ರೆ ಪಾಠ ಹೇಳುವ ಕೆಲಸ ನನಗೂ ಬಂತು. ರಾಜ ಬದಲಾದ, ಧರ್ಮ ಬದಲಾಯಿತು ಅಂತ ಪಾಠ ಮಾಡುವಾಗಲೆಲ್ಲ ನನಗೆ ಆ ಬಾಗಿಲುಗಳೇ ಕಣ್ಣಿಗೆ ಬರುತ್ತಿದ್ದವು. ದೊಡ್ಡವರ ಜಗಳ ಎಲ್ಲೋ ಆಗುತ್ತೆ, ಯಾವ ಹೆಂಗಸು ಯಾವ ಬಾಗಿಲ ಹತ್ತಿರ ಕೂರಬೇಕು ಅನ್ನುವುದು ನಮ್ಮ ಮನೆಯಲ್ಲಿ ತೀರ್ಮಾನವಾಗುತ್ತೆ. ಮಕ್ಕಳಿಗೆ ನಾನು ನಾಲ್ಕನೇ ರಾಣಿಯ ಪಾಠ ಬೇಕೆಂದೇ ಉದ್ದ ಮಾಡುತ್ತಿದ್ದೆ, ಪರೀಕ್ಷೆಗೆ ಅದು ಬರುವುದಿಲ್ಲ ಅಂತ ಗೊತ್ತಿದ್ದೂ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಮನೆಯ ತನಕ ನಡೆದು ಬಂದು ಸುದ್ದಿ ಹೇಳಿದ. ಮಾವ ಕಾಮಾಲೆಯಾಗಿ ತೀರಿಕೊಂಡಿದ್ದ. ಕಾಯಿಲೆ ಅಂತಲೂ ನಮಗೆ ಗೊತ್ತಿರಲಿಲ್ಲ. ರತ್ನತ್ತೆ ಸ್ಕೂಲಿಗೆ ಹೊರಟಿದ್ದವಳು, ತಲೆ ಬಾಚಿ ಹೂ ಮುಡಿದಿದ್ದಳು, ಕೈಯಲ್ಲಿ ಹಿಂದಿನ ಗೌರಿ ಹಬ್ಬದ ಹಸಿರು ಬಳೆ. ಹಾಗೇ ಹುಳುವಿನ ಕೋಣೆಗೆ ಹೋಗಿ ತಟ್ಟೆಗಳ ನಡುವೆ ನಿಂತಳು. ಸುದ್ದಿ ನಮಗಿಂತ ಮೊದಲು ಬೀದಿಗೆ ಮುಟ್ಟಿರಬೇಕು. ನಾಲ್ಕಾರು ಜನ ಹಿರಿಯ ಹೆಂಗಸರು ಬಂದರು, ಒಬ್ಬಳು ಕೊಡದಲ್ಲಿ ನೀರು ತಂದಿದ್ದಳು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆಗಬೇಕಾದ್ದು ಆಗಲಿ ಅಂತ ಬಂದಿದ್ದರು. ಬಿಡುಗಡೆ ಆಗಿರಬಹುದು, ಆದರೂ ತಾಳಿ ಕಟ್ಟಿದ ಕೈ ಅದು, ತಲೆ ಮೇಲೆ ನೀರು ಹುಯ್ದು ಬಳೆ ಕುಂಕುಮ ತೆಗೀಬೇಕು ಅಂದರು. ಅಮ್ಮ ಅಳತೊಡಗಿದಳು. ಚಿಕ್ಕಜ್ಜಿ ಹಿತ್ತಿಲ ಬಾಗಿಲ ಹತ್ತಿರ ಎದ್ದು ನಿಂತಿದ್ದಳು, ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಇಷ್ಟು ವರ್ಷ ಈ ಅಣ್ಣತಂಗಿ ನಾಟಕಕ್ಕೆ ಮುಖ ತಿರುಗಿಸಿದ್ದವಳು ಅಜ್ಜಿಯೇ ತಾನೆ.

ಅಜ್ಜಿ ಹೋಗಿ ಹುಳುವಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

“ಆ ಬಳೆ ಅವನು ಅಣ್ಣನಾಗಿ ತಂದಿದ್ದು. ಅಣ್ಣ ಸತ್ತ ಅಂತ ತಂಗಿ ಬಳೆ ಒಡೆಯೋದು ಯಾವ ಊರಲ್ಲಿದೆ, ಹೇಳ್ರಮ್ಮ.”

ನೀರು ತಂದವಳು ಕೊಡ ಕೆಳಗಿಟ್ಟಳು. ಒಬ್ಬಳು ಏನೋ ಹೇಳಲು ಹೋದಳು, ಅಜ್ಜಿ ಅವಳ ಕಡೆ ತಿರುಗಲೂ ಇಲ್ಲ. ಹಿತ್ತಿಲ ಕಡೆ ನೋಡಿ ತನ್ನ ತಂಗಿಯನ್ನು ಕೂಗಿ, ದೇವರ ಗೂಡಿನಿಂದ ಕುಂಕುಮದ ಭರಣಿ ತಗೊಂಬಾರೇ ಅಂದಳು. ಚಿಕ್ಕಜ್ಜಿ ಕದಲಲಿಲ್ಲ. ನಾನಾ ಅಕ್ಕ ಅಂತ ಕೇಳಿದಳು. ನೀನೇ ಅಂದಳು ಅಜ್ಜಿ. ಚಿಕ್ಕಜ್ಜಿ ಭರಣಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಆ ಹೆಂಗಸರ ನಡುವೆ ನಡೆದು, ಹುಳುವಿನ ಕೋಣೆಯೊಳಗೆ ಹೋಗಿ ರತ್ನತ್ತೆಯ ಹಣೆಗೆ ಕುಂಕುಮ ಇಟ್ಟಳು. ರೂಢಿ ತಪ್ಪಿದ ಕೈ, ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಆಗ ರತ್ನತ್ತೆಗೆ ಅಳು ಬಂತು. ಜಗಲಿಯಲ್ಲಿ ನಿಂತು ತಾಳಿ ಬಿಚ್ಚಿದಾಗ ಅಳದಿದ್ದವಳು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಅವಳನ್ನು ಅಳಲು ಬಿಟ್ಟು, ಆಮೇಲೆ ಮುಖ ತೊಳೆಸಿದಳು. ಮುಂದಿನ ಬಸ್ಸಿಗೆ ಅಪ್ಪ ಅವಳನ್ನು ಕರಕೊಂಡು ಹೊರಟ. ಹಸಿರು ಬಳೆ ತೊಟ್ಟುಕೊಂಡೇ ನಗರಗೆರೆಗೆ ಹೋಗಿ, ಆ ಮನೆಯ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು, ತಂಗಿಯಾಗಿ ಅತ್ತು ಬಂದಳು.